ಡ್ರೈವ್ ಕಾಣ್ತಿಲ್ಲ ಅಂದ್ರೆ ಡ್ರೈವ್ ಸತ್ತಿದೆ ಅಂತಲ್ಲ

ಈ ಸಲ ಬಂದ ಪತ್ರಗಳಲ್ಲಿ ಒಂದರ ಸಾರಾಂಶ: ‘ರಾತ್ರಿ ಲ್ಯಾಪ್‌ಟಾಪ್ ಬಯೋಸ್ ಅಪ್‌ಡೇಟ್ ಕೇಳ್ತು, ಓಕೆ ಒತ್ತಿ ಮಲಗಿದೆ. ಬೆಳಗ್ಗೆ ಕಪ್ಪು ಪರದೆ ಮೇಲೆ ನೋ ಬೂಟಬಲ್ ಡಿವೈಸ್. ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕಕ್ಕೆ ಹೋದ್ರೆ ಅಲ್ಲೂ ಡ್ರೈವ್ ಕಾಣ್ತಿಲ್ಲ. ಅಂಗಡಿಯವರು ಎಸ್‌ಎಸ್‌ಡಿ ಹೋಗಿದೆ, ಹೊಸದು ಹಾಕಿಸಿ ಅಂದ್ರು. ತೀರಿಹೋದ ಅಪ್ಪನ ಫೋಟೊ, ವಿಡಿಯೊ ಎಲ್ಲ ಅದರಲ್ಲೇ ಇದೆ. ಇನ್ನು ಆಸೆ ಬಿಡಬೇಕಾ?’

ಬಿಡಬೇಡಿ. ಹಳೇ ಡ್ರೈವನ್ನು ಅಂಗಡಿಯಲ್ಲಿ ಬಿಟ್ಟೂ ಬರಬೇಡಿ.

ಬಯೋಸ್ ಇರೋದು ಮದರ್‌ಬೋರ್ಡ್ ಮೇಲಿನ ಒಂದು ಪುಟ್ಟ ಚಿಪ್‌ನಲ್ಲಿ. ಅಪ್‌ಡೇಟ್ ಬರೆಯೋದು ಅಲ್ಲಿಗೆ. ನಿಮ್ಮ ಫೋಟೊ ಇರೋ ಡ್ರೈವ್ ಬೇರೆಯದೇ ವಸ್ತು, ಅದರ ಫೈಲುಗಳನ್ನು ಈ ಅಪ್‌ಡೇಟ್ ಮುಟ್ಟೋದಿಲ್ಲ. ಆದರೆ ಅಪ್‌ಡೇಟ್ ಆದಾಗ ಬಯೋಸ್ ಸೆಟ್ಟಿಂಗ್‌ಗಳು ಕೆಲವೊಮ್ಮೆ ಕಾರ್ಖಾನೆಯಿಂದ ಬಂದಾಗ ಇದ್ದಂತೆ ಆಗಿಬಿಡುತ್ತವೆ. ಎಷ್ಟೋ ಸಲ ತೊಂದರೆ ಶುರುವಾಗೋದು ಅಲ್ಲಿಂದಲೇ.

ಲ್ಯಾಪ್‌ಟಾಪ್ ಆನ್ ಮಾಡುತ್ತಲೇ ಎಫ್2, ಎಫ್10 ಅಥವಾ ಡಿಲೀಟ್ ಕೀ (ಕಂಪನಿಗೊಂದು ರೂಢಿ) ಒತ್ತುತ್ತಾ ಬಯೋಸ್ ಒಳಗೆ ಹೋಗಿ. ಸ್ಟೋರೇಜ್ ಪುಟದಲ್ಲಿ ಡ್ರೈವ್‌ನ ಹೆಸರು ಇದೆಯಾ ನೋಡಿ. ಇದ್ದರೆ ಅರ್ಧ ಚಿಂತೆ ಮುಗೀತು. ಬೂಟ್ ಆರ್ಡರ್‌ನಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಮೊದಲಿದೆಯಾ, ಯುಇಎಫ್‌ಐ ಇದ್ದದ್ದು ಲೆಗಸಿ ಆಗಿಲ್ಲ ತಾನೇ ಅಂತ ಪರೀಕ್ಷಿಸಿ. ಆಮೇಲೆ ನೋಡಬೇಕಾದದ್ದು ಸ್ಟೋರೇಜ್ ಮೋಡ್: ಎಎಚ್‌ಸಿಐ, ರೇಡ್, ಅಥವಾ ಇಂಟೆಲ್ 11ನೇ ಪೀಳಿಗೆಯಿಂದೀಚಿನ ಲ್ಯಾಪ್‌ಟಾಪ್‌ಗಳಲ್ಲಿ ಕಾಣುವ ವಿಎಂಡಿ. ವಿಂಡೋಸ್ ಹಾಕಿದಾಗ ಯಾವ ಮೋಡ್ ಇತ್ತೋ ಅದಕ್ಕೇ ಅದು ಒಗ್ಗಿಕೊಂಡಿರುತ್ತದೆ. ಮೋಡ್ ಬದಲಾದರೆ ಮನೆ ಅದೇ, ಬಾಗಿಲು ಬೇರೆ ಕಡೆ ಅನ್ನೋ ಹಾಗೆ ತಡಕಾಡುತ್ತದೆ. ನೀಲಿ ಪರದೆಯೂ ಬರಬಹುದು. ಪೆನ್‌ಡ್ರೈವ್ ಇನ್‌ಸ್ಟಾಲರ್‌ಗೂ ಡ್ರೈವ್ ಕಾಣದಿರೋದಕ್ಕೆ ಸಾಮಾನ್ಯ ಕಾರಣ ಇದೇ ವಿಎಂಡಿ. ಅದರ ಡ್ರೈವರ್ ಇನ್‌ಸ್ಟಾಲರ್‌ನಲ್ಲಿ ಇರಲಿಕ್ಕಿಲ್ಲ, ಅಷ್ಟೆ. ಅದನ್ನೇ ಸಾವಿನ ಪ್ರಮಾಣಪತ್ರ ಅಂದುಕೊಳ್ಳೋದು ಅವಸರ.

ಮೋಡನ್ನು ಮೊದಲಿದ್ದ ಹಾಗೆ ಮಾಡಿ ನೋಡೋದರಿಂದ ಫೈಲು ಹೋಗುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದಕ್ಕೂ ಮುಂಚೆ ಫೋನಿನಲ್ಲಿ ಒಂದು ಫೋಟೊ. ‘ಕ್ರಿಯೇಟ್ ರೇಡ್ ವಾಲ್ಯೂಮ್’ ಅಂತ ಏನಾದರೂ ಕಂಡರೆ ಮಾತ್ರ ದೂರ ಇರಿ, ಅದು ಡ್ರೈವ್ ಅಳಿಸುತ್ತದೆ.

ಇಷ್ಟೆಲ್ಲ ಆದಮೇಲೆ ನೀಲಿ ಪರದೆಯಲ್ಲಿ 48 ಅಂಕಿಯ ಬಿಟ್‌ಲಾಕರ್ ಕೀ ಕೇಳಬಹುದು. ಅದು ಕೆಟ್ಟ ಸುದ್ದಿ ಅಲ್ಲ, ಡ್ರೈವ್ ಬದುಕಿದೆ ಅಂತ ಅರ್ಥ. ಬಯೋಸ್ ಬದಲಾದದ್ದನ್ನು ಗಮನಿಸಿ ಬೀಗ ಬಿದ್ದಿದೆ. ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತೆ, ಫೋನಿನಿಂದಲೇ ಲಾಗಿನ್ ಆಗಿ ತೆಗೀಬಹುದು. ಆಫೀಸ್ ಲ್ಯಾಪ್‌ಟಾಪ್ ಆದ್ರೆ ಐಟಿಯವರನ್ನು ಕೇಳಿ.

ಬಯೋಸ್‌ನಲ್ಲೂ ಹೆಸರಿಲ್ಲವಾ? ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ಮತ್ತೆ ಆನ್ ಮಾಡಿ. ಮಂತ್ರ ಹಾಕಿದ ಹಾಗೆ ಕಾಣುತ್ತೆ, ಆದರೂ ಕೆಲವೊಮ್ಮೆ ಕೆಲಸ ಮಾಡುತ್ತೆ. ಆಗಲಿಲ್ಲ ಅಂದ್ರೆ ಡ್ರೈವನ್ನು ಕಳಚಿ ಮತ್ತೆ ಕೂರಿಸಬೇಕು. ಕೊನೆಗೆ, ಅದೇ ಮಾದರಿಗೆ ಹೊಂದುವ ಯುಎಸ್‌ಬಿ ಎನ್‌ಕ್ಲೋಸರ್‌ಗೆ ಹಾಕಿ ಬೇರೆ ಕಂಪ್ಯೂಟರಿಗೆ ಜೋಡಿಸಿ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದ್ದೇ ಇದೆ. ಬೇರೆ ಯಂತ್ರದಲ್ಲೂ ಕಾಣದಿದ್ದರೆ ಮಾತ್ರ ಡ್ರೈವ್ ಮೇಲೆ ಅನುಮಾನ ಪಡಿ. ಆಗ ಡೇಟಾ ರಿಕವರಿ ಮಾಡೋರ ಹತ್ತಿರ ಹೋಗಿ, ಹೊಸ ಡ್ರೈವ್ ಮಾರೋರ ಹತ್ತಿರ ಅಲ್ಲ. ಡ್ರೈವ್ ಬೋರ್ಡಿಗೇ ಬೆಸುಗೆಯಾಗಿರೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಈ ದಾರಿ ಇಲ್ಲ, ಸರ್ವಿಸ್ ಸೆಂಟರೇ ಗತಿ.

ಈ ಹಾದಿಯಲ್ಲಿ ಎಲ್ಲೇ ‘ಫಾರ್ಮ್ಯಾಟ್ ಮಾಡಲಾ?’, ‘ಇನಿಶಿಯಲೈಸ್ ಮಾಡಲಾ?’ ಅಂತ ಕೇಳಿದರೂ ಬೇಡ ಅನ್ನಿ. ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಫಾರ್ಮ್ಯಾಟ್ ಆದಮೇಲೂ ಫೈಲು ಹುಡುಕಿ ತೆಗೆಯೋರಿದ್ದರು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅನ್ನೋ ವ್ಯವಸ್ಥೆ ಖಾಲಿಯಾದ ಜಾಗವನ್ನು ತಾನೇ ಗುಡಿಸಿಬಿಡುತ್ತೆ. ಆಮೇಲೆ ಯಾರ ಕೈಲೂ ಆಗೋದು ಕಷ್ಟ.

ಹಾಗಂತ ಅಪ್‌ಡೇಟೇ ಬೇಡ ಅನ್ನೋ ಪಂಥಕ್ಕೆ ನಾನು ಸೇರೋನಲ್ಲ. 2019ರಲ್ಲಿ ಎಚ್‌ಪಿಇ ಕಂಪನಿ ತನ್ನ ಸರ್ವರ್‌ಗಳ ಕೆಲವು ಎಸ್‌ಎಸ್‌ಡಿಗಳು 32,768 ಗಂಟೆ, ಅಂದ್ರೆ 3 ವರ್ಷ 270 ದಿನ 8 ಗಂಟೆ ಓಡಿದ ಮೇಲೆ ನಿಂತೇಹೋಗುತ್ತವೆ, ಡೇಟಾನೂ ಸಿಗೋದಿಲ್ಲ ಅಂತ ಎಚ್ಚರಿಸಿತ್ತು. ತಪ್ಪು ಇದ್ದದ್ದು ಡ್ರೈವ್‌ನದೇ ಫರ್ಮ್‌ವೇರ್‌ನಲ್ಲಿ. ಉಳಿಸಿದ್ದೂ ಅಪ್‌ಡೇಟೇ, ಗಂಟೆ ತುಂಬುವ ಮೊದಲು ಹಾಕಿಕೊಂಡವರನ್ನು.

ಮುಂದಿನ ಸಲ ಅಪ್‌ಡೇಟ್ ಕೇಳಿದಾಗ ಚಾರ್ಜರ್ ಹಾಕಿರಿ, ಮಲಗಬೇಡಿ. ಬಯೋಸ್‌ನ ಸ್ಟೋರೇಜ್ ಮತ್ತು ಬೂಟ್ ಪುಟಗಳ ಫೋಟೊ ಫೋನಿನಲ್ಲಿರಲಿ. ನೀವೇ ಕಂಪನಿ ಸೈಟಿನಿಂದ ಇಳಿಸಿ ಹಾಕೋದಾದ್ರೆ ಬಿಟ್‌ಲಾಕರನ್ನು ‘ಸಸ್ಪೆಂಡ್’ ಮಾಡಿ. ಅಪ್ಪನ ಫೋಟೊಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಮೇಲೆ ಸೇವ್ ಮಾಡಿಡೋರೂ ಇದ್ದಾರೆ!