ಇಂಜಿನ್ ಹೋದರೆ ಲಾರಿಯನ್ನೇ ಮಾರಬೇಕೆ?

ಒಂದೇ ಲಾರಿಯನ್ನು ನಂಬಿ ಸಂಸಾರ ಸಾಗಿಸುವ ಮಾಲೀಕರಿಗೆ ಎಂದಾದರೂ ಒಂದು ದಿನ ಈ ಪ್ರಶ್ನೆ ಎದುರಾಗಿಯೇ ಆಗುತ್ತದೆ. ಹೊಗೆ ಹೆಚ್ಚಾಗಿದೆ, ಆಯಿಲ್ ಕುಡಿಯುತ್ತಿದೆ, ಘಾಟಿಯಲ್ಲಿ ಲೋಡು ಎಳೆಯುತ್ತಿಲ್ಲ. ಇಂಜಿನ್ ಮುಗಿಯಿತು ಎಂದು ಮೆಕ್ಯಾನಿಕ್ ಹೇಳಿಯಾಗಿದೆ. ಅದನ್ನೇ ಬಿಚ್ಚಿ ಪೂರ್ತಿ ಕೆಲಸ ಮಾಡಿಸುವುದೋ, ಬೇರೆ ಇಂಜಿನ್ ಕೂರಿಸುವುದೋ, ಇಲ್ಲ ಬಂದಷ್ಟು ಬೆಲೆಗೆ ಕೊಟ್ಟು ಆರೇಳು ವರ್ಷ ಓಡಿದ ಇನ್ನೊಂದು ಲಾರಿ ತರುವುದೋ? ಬ್ರೋಕರ್, ಫೈನಾನ್ಸ್‌ನವರು, ನೆಂಟರು, ಎಲ್ಲರ ಸಲಹೆಯೂ ಮೂರನೆಯದರ ಕಡೆಗೇ ವಾಲುತ್ತದೆ. ಚಾಸಿ ಗಟ್ಟಿಯಾಗಿದ್ದು, ಕಾಗದಪತ್ರ ಸರಿಯಿದ್ದು, ಲಾರಿಗೆ ಇನ್ನೂ ನಾಲ್ಕೈದು ವರ್ಷದ ದುಡಿಮೆ ಉಳಿದಿದ್ದರೆ ಆ ಸಲಹೆ ತಪ್ಪು ಎಂಬುದು ನನ್ನ ವಾದ. ಲೆಕ್ಕ ಹಾಕಿದರೆ ಸೋಲುವ ಈ ಸಲಹೆ ಮತ್ತೆ ಮತ್ತೆ ಗೆಲ್ಲುತ್ತಿದೆ. ನಮ್ಮ ಸಾಲದ ವ್ಯವಸ್ಥೆಯೂ ಕಾನೂನೂ ರಿಪೇರಿಯ ದಾರಿಯನ್ನು ಇಕ್ಕಟ್ಟು ಮಾಡಿಟ್ಟಿರುವುದೇ ಅದಕ್ಕೆ ಕಾರಣ.

ಇಡೀ ಲಾರಿಯಲ್ಲಿ ಸವೆತವನ್ನು ಅಳೆದು, ಅಳತೆಗೆ ತಕ್ಕಂತೆ ಸರಿಪಡಿಸಬಹುದಾದ ಭಾಗವೆಂದರೆ ಇಂಜಿನ್ನೇ. ಸ್ಟಾರ್ಟಿನಲ್ಲಿಟ್ಟು ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಬುಸುಗುಟ್ಟಿ ಹೊರಬಂದರೆ ಅದು ಗ್ಯಾರೇಜಿನವರು ಹೇಳುವ ಬ್ಯಾಕ್ ಕಂಪ್ರೆಷನ್. ರಿಂಗು, ಲೈನರ್ ಸವೆದು, ಉರಿದ ಗಾಳಿ ಪಿಸ್ಟನ್ ಪಕ್ಕದಿಂದ ಕೆಳಗಿಳಿಯುತ್ತಿದೆ ಎಂದು ಅರ್ಥ. ಲೈನರ್ ಇರುವ ಇಂಜಿನ್ನಾದರೆ ಲೈನರ್, ಪಿಸ್ಟನ್, ರಿಂಗುಗಳ ಸೆಟ್ ಬದಲಾಗುತ್ತದೆ. ಕಮಿನ್ಸ್ ಬಿ ಸರಣಿಯಂತೆ ಲೈನರ್ ಇಲ್ಲದ್ದಾದರೆ ಬ್ಲಾಕನ್ನೇ ಬೋರ್ ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕುತ್ತಾರೆ. ಕ್ರ್ಯಾಂಕಿನ ಸವೆತವನ್ನು ಮೈಕ್ರೊಮೀಟರ್ ಹಿಡಿದು ನೋಡಿ, ಕಾಲು ಮಿಲಿಮೀಟರೋ ಅರ್ಧ ಮಿಲಿಮೀಟರೋ ಗ್ರೈಂಡ್ ಮಾಡಿ, ಆ ಅಳತೆಯ ಬೇರಿಂಗ್ ಕೂರಿಸುತ್ತಾರೆ. ಬಿಎಸ್-3 ಹೊಗೆ ನಿಯಮದ ಕಾಲದ ಮೆಕ್ಯಾನಿಕಲ್ ಡೀಸೆಲ್ ಪಂಪನ್ನು ಪಂಪ್ ಅಂಗಡಿಯಲ್ಲಿ ಹೊಸದರ ಮಟ್ಟಕ್ಕೆ ಕ್ಯಾಲಿಬ್ರೇಟ್ ಮಾಡಿಸಬಹುದು. ಇದಕ್ಕೆ ಬೇಕಾದ ಕೈಗಳು ದಾವಣಗೆರೆ, ಚಿತ್ರದುರ್ಗ, ಹುಬ್ಬಳ್ಳಿಯಲ್ಲಿವೆ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯಿದೆ. ಒಳ್ಳೆಯ ಲೇತ್ ಕೆಲಸವಾಗಿ, ಮೊದಲ ಕೆಲವು ಸಾವಿರ ಕಿಲೋಮೀಟರ್ ಹದವಾಗಿ ಓಡಿಸಿದ ಇಂಜಿನ್ ಮತ್ತೆ ವರ್ಷಗಟ್ಟಲೆ ದುಡಿಯುತ್ತದೆ.

ಕೊಳ್ಳುವ ಲಾರಿಯ ವಿಚಾರದಲ್ಲಿ ಈ ಖಾತ್ರಿ ಎಲ್ಲಿದೆ? ಅದರ ಮೀಟರ್ ತೋರಿಸುವ ಕಿಲೋಮೀಟರನ್ನು ನಂಬುವಂತಿಲ್ಲ. ಹೆಚ್ಚುವರಿ ಲೋಡು ಹೊತ್ತ ಚಾಸಿಯಲ್ಲಿ ಬಿರುಕು ಮೊದಲು ಕಾಣಿಸುವುದು ಸ್ಪ್ರಿಂಗ್ ಹ್ಯಾಂಗರ್‌ಗಳ ಹತ್ತಿರ, ರಿವೆಟ್‌ಗಳ ಸುತ್ತ. ಅಲ್ಲಿ ಒಂದು ವೆಲ್ಡಿಂಗ್ ಪಟ್ಟಿ ಹೊಡೆದು ಮೇಲೆ ಕಪ್ಪು ಬಣ್ಣ ಬಳಿದರೆ ಟಾರ್ಚು ಹಿಡಿದು ಕೆಳಗೆ ಮಲಗಿ ನೋಡುವವರಿಗೂ ಸುಲಭಕ್ಕೆ ಸಿಗದು. ಗೇರ್‌ಬಾಕ್ಸ್ ಒಳಗೆ, ಹಿಂದಿನ ಆ್ಯಕ್ಸಲ್‌ನ ಕ್ರೌನ್ ಒಳಗೆ ಏನಿದೆ ಎಂಬುದು ಲೋಡು ಹೊತ್ತ ಮೇಲೆಯೇ ಗೊತ್ತಾಗುವುದು. ಹೊರರಾಜ್ಯದ ಲಾರಿಯಾದರೆ ಎನ್‌ಒಸಿ, ಬಾಕಿ ತೆರಿಗೆ, ಹಳೆಯ ದಂಡ, ಸಾಲ ತೀರಿದ ಪತ್ರ ಎಲ್ಲ ಹೊಂದಿಸಬೇಕು. ದೆಹಲಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳಿಗೆ ನಿರ್ಬಂಧ ಬಂದ ಮೇಲಂತೂ ಅಲ್ಲಿಂದ ಬರುವ ಗಾಡಿಗಳ ವಯಸ್ಸು ನೋಡಿಕೊಂಡೇ ಮಾತಿಗಿಳಿಯಬೇಕು. ತನ್ನ ಲಾರಿಯಲ್ಲಾದರೆ ಯಾವ ಆ್ಯಕ್ಸಲ್ ಯಾವಾಗ ತೆರೆದದ್ದು, ಯಾವ ಎಲೆಪಟ್ಟಿ ಯಾವ ವರ್ಷ ಬದಲಾದದ್ದು ಎಂಬುದು ಮಾಲೀಕನಿಗೆ ಬಾಯಿಪಾಠ. ಲಾರಿ ಮಾರುವವನು ಈ ತಿಳಿವಳಿಕೆಯನ್ನೂ ಅದರ ಜೊತೆಗೇ ಪುಕ್ಕಟೆಯಾಗಿ ಕೊಟ್ಟುಬಿಡುತ್ತಾನೆ.

ಒಂದು ಲೆಕ್ಕ ಮಾಡಿ ನೋಡೋಣ. ಹಳೆಯದನ್ನು ಕೊಟ್ಟ ಹಣ ಸೇರಿಸಿಯೂ ಇನ್ನೊಂದು ಲಾರಿಗೆ 8 ಲಕ್ಷ ಸಾಲ ಬೇಕಾಯಿತು, ಬಡ್ಡಿ ಶೇ 15, ಅವಧಿ ನಾಲ್ಕು ವರ್ಷ ಎಂದುಕೊಳ್ಳಿ. ತಿಂಗಳ ಕಂತು 22,000 ರೂಪಾಯಿ ದಾಟುತ್ತದೆ, ಬಡ್ಡಿಯೊಂದೇ 2.7 ಲಕ್ಷದ ಹತ್ತಿರ. ಇಂಜಿನ್, ಪಂಪ್, ಟರ್ಬೊ, ಕೂಲಿ ಎಲ್ಲ ಸೇರಿ ಪೂರ್ತಿ ಕೆಲಸಕ್ಕೆ 2 ಲಕ್ಷವಾಯಿತು ಎಂದುಕೊಂಡರೂ ಅದು ಈ ಬಡ್ಡಿಗಿಂತ ಕಡಿಮೆ. ಇನ್ನು ಡೀಸೆಲ್. ತಿಂಗಳಿಗೆ 6,000 ಕಿಲೋಮೀಟರ್ ಓಡುವ ಲಾರಿ, ಕೆಲಸವಾದ ಮೇಲೆ ಲೀಟರಿಗೆ ನಾಲ್ಕೂವರೆಯ ಬದಲು ಐದು ಕಿಲೋಮೀಟರ್ ಕೊಟ್ಟರೂ ಸಾಕು, 133 ಲೀಟರ್ ಉಳಿಯುತ್ತದೆ. ರಾಜ್ಯ ಸರ್ಕಾರ 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿದಾಗ ಬೆಂಗಳೂರಿನಲ್ಲಿ ಲೀಟರಿಗೆ 91 ರೂಪಾಯಿಯಾಯಿತು. ಆ ದರದಲ್ಲಿ ತಿಂಗಳಿಗೆ 12,000 ರೂಪಾಯಿ ಕೈಗೆ ಬಂದಂತೆ. ಅದಕ್ಕಿಂತ ದೊಡ್ಡ ಮಾತು, ಲೋಡು ನಿಂತರೂ ಕಂತು ನಿಲ್ಲುವುದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲೂ ಬೆನ್ನಿಗೇ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಗಣಿಗಾರಿಕೆ ನಿಲ್ಲಿಸಿದಾಗ ಅದಿರಿನ ಬಾಡಿಗೆಯನ್ನೇ ನಂಬಿದ್ದ ಲಾರಿಗಳು ಸಾಲುಸಾಲಾಗಿ ನಿಂತವು. ಆಗ ಸಾಲವಿಲ್ಲದ ಹಳೆಯ ಲಾರಿಯವನು ಸಿಕ್ಕ ಬಾಡಿಗೆಗೆ ಓಡಿಸಿ ತಡೆದುಕೊಳ್ಳಬಹುದಿತ್ತು. ಕಂತಿನ ಲಾರಿಯವನಿಗೆ ಆ ಅನುಕೂಲ ಇರಲಿಲ್ಲ. ಈಗ ಇನ್ನೊಂದು ಅಂಶವೂ ಸೇರಿದೆ. 2025ರ ಸೆಪ್ಟೆಂಬರ್ 22ರಿಂದ ಹೊಸ ಲಾರಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದರೆ ಹಳೆಯದರ ಬೆಲೆಯೂ ಜಗ್ಗುತ್ತದೆ. ಇಂದು ಸಾಲ ಮಾಡಿ ತಂದ ಸೆಕೆಂಡ್ ಹ್ಯಾಂಡ್ ಲಾರಿಯನ್ನು ನಾಳೆ ಮಾರಹೊರಟರೆ ಸಾಲದಷ್ಟೂ ಹುಟ್ಟದೆ ಹೋಗಬಹುದು.

ಎರಡನೆಯ ದಾರಿ, ಅಂದರೆ ಇಂಜಿನ್ನನ್ನೇ ಬದಲಿಸುವುದು, ಕಾನೂನಿನ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ತನ್ನದೇ ಬ್ಲಾಕಿನಲ್ಲಿ ಬೋರ್ ಕೆಲಸ ಮಾಡಿಸಿದರೆ ಇಂಜಿನ್ ನಂಬರ್ ಉಳಿಯುತ್ತದೆ, ಆರ್‌ಸಿಗೆ ತೊಂದರೆಯಿಲ್ಲ. ಬ್ಲಾಕೇ ಒಡೆದು ಇನ್ನೊಂದು ಇಂಜಿನ್ ತಂದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅನ್ವಯವಾಗುತ್ತದೆ. ತಯಾರಕರು ನಮೂದಿಸಿದ ವಿವರಕ್ಕೆ ವ್ಯತ್ಯಾಸವಾಗುವಂಥ ಮಾರ್ಪಾಡು ಕೂಡದು ಎಂಬ ಅದರ ನಿಯಮವನ್ನು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಎತ್ತಿಹಿಡಿಯಿತು. ಹಾಗಾಗಿ ಒಂದು ಕಂಪನಿಯ ಲಾರಿಗೆ ಇನ್ನೊಂದು ಕಂಪನಿಯ ಇಂಜಿನ್ ಕೂರಿಸುವ ಆಸೆಯನ್ನು ಬಿಡಲೇಬೇಕು. ಬ್ರೇಕು, ಆ್ಯಕ್ಸಲ್‌ಗೆ ಮೀರಿದ ಶಕ್ತಿ ತುಂಬುವುದು ರಸ್ತೆಯಲ್ಲಿರುವ ಉಳಿದವರಿಗೂ ಅಪಾಯ, ಅದು ನ್ಯಾಯವೇ. ನ್ಯಾಯ ತಪ್ಪಿದ್ದು ಮುಂದಿನ ಉಪವಿಧಿಯಲ್ಲಿ. 2019ರ ತಿದ್ದುಪಡಿಗೆ ಮುಂಚೆ, ಅದೇ ತಯಾರಿಕೆಯ, ಅದೇ ಮಾದರಿಯ ಇಂಜಿನ್ ಅನ್ನು ಮುಂಚಿತ ಅನುಮೋದನೆಯಿಲ್ಲದೆ ಬದಲಿಸಿಕೊಂಡು 14 ದಿನದೊಳಗೆ ಆರ್‌ಟಿಒಗೆ ತಿಳಿಸುವ ಸೌಲಭ್ಯವನ್ನು ಅಧಿಸೂಚನೆಯ ಮೂಲಕ ಕೊಡಬಹುದಾಗಿದ್ದದ್ದು ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನ ಉಳ್ಳವರಿಗೆ ಮಾತ್ರ. ಹತ್ತರಲ್ಲಿ ಒಂದು ನಿಂತರೆ ಉಳಿದ ಒಂಬತ್ತು ದುಡಿಯುತ್ತವೆ. ಇದ್ದದ್ದೊಂದೇ ನಿಂತರೆ ಮನೆಯ ಒಲೆಯೇ ನಿಲ್ಲುತ್ತದೆ. ರಿಯಾಯಿತಿ ಯಾರಿಗೆ ಹೆಚ್ಚು ಬೇಕೋ ಅವರನ್ನೇ ಕಾನೂನು ಹೊರಗಿಟ್ಟಿತ್ತು; ತಿದ್ದುಪಡಿಯ ನಂತರ ಆ ಸೌಲಭ್ಯವೂ ಉಳಿದಿಲ್ಲ.

ಹಳೆಯ ಇಂಜಿನ್ ಉಳಿಸುವುದೆಂದರೆ ಹಳೆಯ ಹೊಗೆಯನ್ನೂ ಉಳಿಸಿದಂತೆ ಎಂಬ ಆಕ್ಷೇಪವಿದೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಭಾರಿ ಡೀಸೆಲ್ ಇಂಜಿನ್‌ಗೆ ಬಿಎಸ್-3ರಲ್ಲಿ ಕಿಲೋವ್ಯಾಟ್ ಗಂಟೆಗೆ 5 ಗ್ರಾಂ ಇದ್ದ ನೈಟ್ರೋಜನ್ ಆಕ್ಸೈಡ್ ಮಿತಿ, 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6ರಲ್ಲಿ 0.4 ಗ್ರಾಂ, ಮಸಿಯ ಕಣಗಳ ಮಿತಿ ಹತ್ತನೇ ಒಂದಕ್ಕೆ ಇಳಿದಿದೆ. ಎಷ್ಟು ಚೆನ್ನಾಗಿ ಬೋರ್ ಮಾಡಿಸಿದರೂ ಹಳೆಯ ಇಂಜಿನ್ ಈ ಮಟ್ಟ ಮುಟ್ಟದು. ಆದರೆ ಸಣ್ಣ ಮಾಲೀಕನ ಕೈಗೆಟಕುವ ಸೆಕೆಂಡ್ ಹ್ಯಾಂಡ್ ಲಾರಿ ಬಹುಪಾಲು ಬಿಎಸ್-3 ಅಥವಾ ಬಿಎಸ್-4. ಅವನು ಮಾರಿದ ಲಾರಿಯೂ ರಸ್ತೆ ಬಿಟ್ಟು ಹೋಗುವುದಿಲ್ಲ. ಸವೆದ ರಿಂಗುಗಳೊಂದಿಗೇ ಇನ್ನೊಬ್ಬರ ಕೈಗೆ ಹೋಗಿ, ನೀಲಿ ಹೊಗೆ ಉಗುಳುತ್ತ ಇನ್ನೊಂದು ಊರಿನಲ್ಲಿ ಓಡುತ್ತದೆ. ಗಾಳಿ ಶುದ್ಧವಾಗಬೇಕಾದರೆ ಹಳೆಯ ಲಾರಿ ಗುಜರಿಗೆ ಹೋಗಬೇಕು. ಅದಕ್ಕಾಗಿ 2021ರ ಗುಜರಿ ನೀತಿಯಿದೆ, ಗುಜರಿ ಪ್ರಮಾಣಪತ್ರ ತೋರಿಸಿ ಹೊಸ ಸಾರಿಗೆ ವಾಹನ ಕೊಂಡವರಿಗೆ ರಸ್ತೆ ತೆರಿಗೆಯಲ್ಲಿ ಶೇ 15ರವರೆಗೆ ವಿನಾಯಿತಿಗೂ ಅವಕಾಶವಿದೆ. ಒಬ್ಬರ ಹಳೆಯ ಲಾರಿ ಇನ್ನೊಬ್ಬರ ಮನೆ ಸೇರುವುದರಿಂದ ಒಂದು ಗ್ರಾಂ ಮಸಿಯೂ ಕಡಿಮೆಯಾಗುವುದಿಲ್ಲ. ಇಂಜಿನ್ ಕೆಲಸವಾದರೆ ಕೊಂಚವಾದರೂ ಆಗುತ್ತದೆ.

ನನ್ನ ವಾದಕ್ಕೆ ಎಲ್ಲೆಯಿದೆ, ಅದನ್ನೂ ಹೇಳಬೇಕು. ಚಾಸಿ ಬಿರುಕುಬಿಟ್ಟ ಲಾರಿಗೆ ಇಂಜಿನ್ ಕೆಲಸ ಮಾಡಿಸುವುದು ದುಡ್ಡು ನೀರಿಗೆ ಹಾಕಿದಂತೆ. 15 ವರ್ಷದ ಗಡಿ ಹತ್ತಿರ ಬಂದ ಲಾರಿಯ ಲೆಕ್ಕವೂ ಬೇರೆ. 8 ವರ್ಷದ ನಂತರ ಪ್ರತಿವರ್ಷ ಎಫ್‌ಸಿ, ಅಂದರೆ ಫಿಟ್ನೆಸ್ ಪ್ರಮಾಣಪತ್ರ, ಆಗಬೇಕು. 15 ದಾಟಿದ ಭಾರಿ ಲಾರಿಯ ಎಫ್‌ಸಿ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದಲೇ 12,500 ರೂಪಾಯಿಗೆ ಏರಿಸಿತು. ಬಿಎಸ್-6 ಲಾರಿಯಲ್ಲಿ ಇಂಜಿನ್ ಜೊತೆಗೆ ಇಸಿಯು ಎಂಬ ಕಂಪ್ಯೂಟರ್, ಸೆನ್ಸರ್‌ಗಳು, ಡಿಪಿಎಫ್ ಎಂಬ ಮಸಿ ಸೋಸುವ ಫಿಲ್ಟರ್, ಯೂರಿಯಾ ದ್ರಾವಣದ ವ್ಯವಸ್ಥೆ ಎಲ್ಲ ಹೆಣೆದುಕೊಂಡಿರುವುದರಿಂದ ಊರ ಗ್ಯಾರೇಜಿನ ಕೆಲಸ ಸಾಲದು. ಆದರೆ ಇದೇ ಮಾತು ಸೆಕೆಂಡ್ ಹ್ಯಾಂಡ್ ಬಿಎಸ್-6 ಕೊಳ್ಳುವವರಿಗೂ ಅನ್ವಯ. ಹಿಂದಿನವರು ಕೆಡಿಸಿಟ್ಟ ಡಿಪಿಎಫ್ ಕೊಂಡವರ ಪಾಲಿಗೆ ಬರುತ್ತದೆ; ಯೂರಿಯಾ ವ್ಯವಸ್ಥೆ ಕೈಕೊಟ್ಟರೆ ಕಂಪ್ಯೂಟರ್ ತಾನೇ ಇಂಜಿನ್ನಿನ ಶಕ್ತಿ ತಗ್ಗಿಸಿ ಲೋಡಿನ ಲಾರಿಯನ್ನು ದಾರಿಯಲ್ಲಿ ತೆವಳಿಸುತ್ತದೆ.

ಲಾರಿ ನಿಂತ ದಿನಗಳ ನಷ್ಟವನ್ನು ಯಾರು ತುಂಬಿಕೊಡುತ್ತಾರೆ ಎಂಬ ಪ್ರಶ್ನೆ ಇನ್ನೂ ಉಳಿದಿದೆ. ಇಂಜಿನ್ ಕೆಲಸಕ್ಕೆ ಎರಡು ಮೂರು ವಾರ ಹಿಡಿದರೆ ಆ ಬಾಡಿಗೆ ಹೋದಂತೆಯೇ. ಅದರ ಮೇಲೆ ರಿಪೇರಿಯ ದುಡ್ಡನ್ನೂ ಹೊಂದಿಸಬೇಕು. ಸೆಕೆಂಡ್ ಹ್ಯಾಂಡ್ ಲಾರಿಗೆ ಸಾಲ ಕೊಡಲು ಊರೂರಲ್ಲಿ ಕಂಪನಿಗಳಿವೆ; ಲಾರಿಯ ಇಂಜಿನ್ ಕೆಲಸಕ್ಕೆಂದು 2 ಲಕ್ಷ ಕೇಳಿದರೆ ಚಿನ್ನ ಅಡವಿಡಲು ಹೇಳುತ್ತಾರೆ. ಸಹಕಾರ ಬ್ಯಾಂಕುಗಳು ಲೇತ್ ಮತ್ತು ಬಿಡಿಭಾಗದ ಬಿಲ್ಲಿನ ಮೇಲೆ, ಆರ್‌ಸಿಯಲ್ಲೇ ಸಾಲದ ನಮೂದು ಮಾಡಿಸಿ, ಒಂದೂವರೆ ಎರಡು ವರ್ಷದ ಸಾಲ ಕೊಡುವುದು ಕಷ್ಟವೇನಲ್ಲ. ಅದೇ ಮಾದರಿಯ ಇಂಜಿನ್ ಬದಲಿಸಲು ಬಂದ ಅರ್ಜಿಗೆ, ಬಿಲ್ಲೂ ಕೂರಿಸುವ ಇಂಜಿನ್ನಿನ ಮೂಲವೂ ಸರಿಯಿದ್ದರೆ, ಆರ್‌ಟಿಒ ಕಚೇರಿ ಒಂದು ವಾರದೊಳಗೆ ಅನುಮೋದನೆ ಕೊಡುವಂತೆ ಸಾರಿಗೆ ಇಲಾಖೆ ಇಂದೇ ಸುತ್ತೋಲೆ ಹೊರಡಿಸಬಹುದು. ಬದಲಿಸಿದ ಮೇಲೆ ತಿಳಿಸುವ ಹಳೆಯ ಸೌಲಭ್ಯವನ್ನು ಹತ್ತು ವಾಹನಗಳ ಷರತ್ತಿಲ್ಲದೆ ಸಂಸತ್ತು 52ನೇ ಸೆಕ್ಷನ್‌ಗೆ ಮರಳಿ ಸೇರಿಸಬೇಕು. 2025ರ ಏಪ್ರಿಲ್‌ನ ಮುಷ್ಕರದಲ್ಲಿ ಡೀಸೆಲ್, ಟೋಲ್, ಎಫ್‌ಸಿ ಶುಲ್ಕಗಳ ವಿರುದ್ಧ ದನಿಯೆತ್ತಿದ ಲಾರಿ ಮಾಲೀಕರ ಸಂಘ ಮುಂದಿನ ಬಾರಿ ಸರ್ಕಾರದ ಮುಂದೆ ಕೂತಾಗ ಈ ಬೇಡಿಕೆಗಳನ್ನೂ ಪಟ್ಟಿಗೆ ಸೇರಿಸಲಿ.