ಬಿಳಿಸೆರಗಿನ ಬಗ್ಗೆ ಗೆಜ್ಜಲಗೆರೆ ಸೀಮೆಯ ಮನೆಗಳಿಗೊಂದು ಮನವಿ

ಮಂಡ್ಯ ಜಿಲ್ಲಾ ಹಾಲು ಒಕ್ಕೂಟದ ಡೇರಿಯಿರುವ ಗೆಜ್ಜಲಗೆರೆಯ ಸುತ್ತಮುತ್ತ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ, ಹಸು ಬೆದೆಗೆ ಬಂದಿರುವುದನ್ನು ಅದು ಸುರಿಸುವ ಲೋಳೆಯಿಂದಲೇ ಗುರುತಿಸಬಲ್ಲ ಹೆಣ್ಣುಮಕ್ಕಳಿಗೆ ಕೊರತೆಯಿಲ್ಲ. ಲೋಳೆ ತಿಳಿಯಾಗಿ ಎಳೆಯೆಳೆಯಾಗಿದ್ದರೆ ಕೃತಕ ಗರ್ಭಧಾರಣೆಯ ಇಂಜೆಕ್ಷನ್‌ಗೆ ಹೇಳಿಕಳುಹಿಸುತ್ತಾರೆ, ಕೀವು ಬೆರೆತಂತಿದ್ದರೆ ಪಶುವೈದ್ಯರನ್ನು ಕರೆಸುತ್ತಾರೆ. ಅದೇ ಮನೆಗಳಲ್ಲಿ ಬಿಳಿಸೆರಗು, ಅಂದರೆ ಹೆಣ್ಣಿನ ಯೋನಿಯಿಂದ ಒಸರುವ ದ್ರವ, ಮಾತಿಗೆ ಬರುವುದು ಅಪರೂಪ. ಬಂದರೂ ಸಹಜವಾದದ್ದನ್ನು ಕಂಡು ಮೈ ಕರಗಿ ಹೋಗುತ್ತಿದೆಯೆಂದು ಹೆದರುವುದು, ರೋಗದ್ದನ್ನು ಉಷ್ಣವೆಂದು ತಳ್ಳಿಹಾಕುವುದು, ಹೀಗೆ ಎರಡೂ ಕಡೆ ತಪ್ಪಾಗುತ್ತದೆ.

ಯೋನಿಯ ಒಳಗೋಡೆಯೂ ಗರ್ಭಕಂಠವೂ, ಅಂದರೆ ಗರ್ಭಕೋಶದ ಬಾಯಿಯೂ, ಸದಾ ತುಸು ದ್ರವವನ್ನು ಒಸರುತ್ತಲೇ ಇರುತ್ತವೆ. ಅಲ್ಲಿ ನೆಲೆಸಿರುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸಿ ಆ ಜಾಗವನ್ನು ಹುಳಿಯಾಗಿ ಇಡುವುದರಿಂದ ರೋಗಾಣುಗಳು ಸುಲಭವಾಗಿ ಬೇರೂರಲಾರವು. ಸೋಪು, ಡೆಟಾಲ್ ಹಾಕಿ ಒಳಗನ್ನು ತೊಳೆಯುವವರು ಈ ಕಾವಲನ್ನೇ ಕೆಡಿಸಿಕೊಳ್ಳುತ್ತಾರೆ. ಹೊರಭಾಗಕ್ಕೆ ಬರಿಯ ನೀರು ಸಾಕು. ಸಹಜ ಸ್ರಾವ ತಿಳಿಯಾಗಿಯೋ ಹಾಲುಬಿಳಿಯಾಗಿಯೋ ಇದ್ದು, ಅದರಲ್ಲಿ ದುರ್ವಾಸನೆಯಾಗಲಿ ನವೆಯಾಗಲಿ ಇರುವುದಿಲ್ಲ, ಒಣಗಿದ ಮೇಲೆ ಬಟ್ಟೆಯಲ್ಲಿ ತೆಳು ಹಳದಿ ಕಲೆ ಉಳಿಯಬಹುದು. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡ ಬಿಡುಗಡೆಯಾಗುವ ವೇಳೆಗೆ ಅದು ಜಾರುವಂತಾಗಿ ಎಳೆಯೆಳೆಯಾಗುತ್ತದೆ, ಕೊಟ್ಟಿಗೆಯಲ್ಲಿ ಕಾಣುವುದೂ ಹೆಚ್ಚುಕಡಿಮೆ ಇದೇ ಪ್ರಕ್ರಿಯೆ. ಗರ್ಭಿಣಿಯರಲ್ಲಿ ಸ್ರಾವ ಹೆಚ್ಚುತ್ತದೆ. ಹುಡುಗಿಯರಲ್ಲಿ ಮೈನೆರೆಯುವ ಕೆಲವು ತಿಂಗಳ ಮೊದಲೇ ಕಾಣಿಸಿಕೊಳ್ಳುತ್ತದೆ. ತಾಯಂದಿರು ಇದನ್ನು ಮಗಳಿಗೆ ಮುಂಚಿತವಾಗಿಯೇ ತಿಳಿಸಬೇಕು.

ಒಡೆದ ಹಾಲಿನಂತೆ ಗಟ್ಟಿಯಾಗಿದ್ದು ವಿಪರೀತ ನವೆಯಿದ್ದರೆ ಅದು ಬಹುತೇಕ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು; ಮತ್ತೆ ಮತ್ತೆ ಮರುಕಳಿಸಿದರೆ ಸಕ್ಕರೆ ಕಾಯಿಲೆಯ ಪರೀಕ್ಷೆಯೂ ಆಗಬೇಕು. ಬೂದುಬಣ್ಣದ ತೆಳು ಸ್ರಾವದಲ್ಲಿ ಮೀನಿನ ವಾಸನೆ ಬಂದರೆ ಉಪಕಾರಿ ಬ್ಯಾಕ್ಟೀರಿಯಾಗಳು ಕುಂದಿವೆಯೆಂದು ಊಹಿಸಬಹುದು. ಹಳದಿ-ಹಸಿರು ನೊರೆಯುಳ್ಳ ಸ್ರಾವ ಲೈಂಗಿಕ ಸಂಪರ್ಕದಿಂದ ಹರಡುವ ರೋಗಾಣುವಾದ ಟ್ರೈಕೊಮೊನಾಸ್‌ನದ್ದಾಗಿರಬಹುದು, ಅದಕ್ಕೆ ಗಂಡನೂ ಮಾತ್ರೆ ತೆಗೆದುಕೊಳ್ಳದಿದ್ದರೆ ಹೆಂಡತಿಯ ಚಿಕಿತ್ಸೆ ವ್ಯರ್ಥ. ಆದರೂ ಲಕ್ಷಣಗಳು ಒಂದರಲ್ಲೊಂದು ಬೆರೆಯುವುದರಿಂದ ಮೆಡಿಕಲ್ ಶಾಪಿನ ಮಾತ್ರೆಯನ್ನು ನಂಬುವಂತಿಲ್ಲ. ಕೆಳಹೊಟ್ಟೆ ನೋವು, ಜ್ವರ, ಸಂಭೋಗದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತ ಬೆರೆತ ಸ್ರಾವ, ಗರ್ಭಿಣಿಯಲ್ಲಿ ನೀರಿನಂತೆ ಸುರಿಯುವುದು, ಇವುಗಳಲ್ಲಿ ಯಾವುದೊಂದಿದ್ದರೂ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಮುಟ್ಟು ನಿಂತವರ ರಕ್ತಸ್ರಾವ ಕ್ಯಾನ್ಸರಿನ ಸೂಚನೆಯಾಗಿರಲೂಬಹುದು.

ಇದನ್ನು ಬಾಯಿಬಿಟ್ಟು ಹೇಳದ ಮೌನ ಈ ಸೀಮೆಯೊಂದರದೇ ಅಲ್ಲ. ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳಲ್ಲಿ ಡಾ. ರಾಣಿ ಬಂಗ್ ಮತ್ತು ಸಹೋದ್ಯೋಗಿಗಳು 650 ಮಹಿಳೆಯರನ್ನು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 92ರಷ್ಟು ಮಂದಿಗೆ ಸ್ತ್ರೀರೋಗಗಳಿದ್ದವು. ಅದಕ್ಕೆ ಮೊದಲು ಎಂದಾದರೂ ಅಂಥ ಪರೀಕ್ಷೆಗೆ ಒಳಗಾಗಿದ್ದವರು ಶೇ. 8ರಷ್ಟೇ. ಮೌನದ ಇನ್ನೊಂದು ಮುಖ ಕಲಬುರಗಿ ಜಿಲ್ಲೆಯಲ್ಲಿ ಕಂಡಿತು, ಅಲ್ಲಿ ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಬಡ ಹೆಂಗಸರಿಗೆ ಗರ್ಭಕೋಶವನ್ನೇ ತೆಗೆಸಿಕೊಳ್ಳುವ ಸಲಹೆ ಸಿಕ್ಕ ದೂರುಗಳು 2015ರ ಸುಮಾರಿಗೆ ರಾಜ್ಯದ ಗಮನ ಸೆಳೆದವು. ಬಿಳಿಸೆರಗೊಂದೇ ಕಾರಣಕ್ಕೆ ಗರ್ಭಕೋಶ ತೆಗೆಸುವ ಅಗತ್ಯವಿಲ್ಲ. ಯಾರಾದರೂ ಹಾಗೆ ಹೇಳಿದರೆ ಇನ್ನೊಬ್ಬ ವೈದ್ಯರನ್ನು ಕೇಳದೆ ಸಹಿ ಹಾಕಬಾರದು.

ಆದ್ದರಿಂದ ಈ ಸೀಮೆಯ ಹೆಣ್ಣುಮಕ್ಕಳು ಆಶಾ ಕಾರ್ಯಕರ್ತೆಯೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಾಗಲಿ, ಇಂಥ ಸೋಂಕುಗಳನ್ನು ನೋಡುವ ಜಿಲ್ಲಾ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಾಗಲಿ ಹೋಗಿ ಬಣ್ಣ, ವಾಸನೆ, ನವೆ, ನೋವು, ಎಷ್ಟು ದಿನದಿಂದ ಎಂಬುದನ್ನು ಬಿಡಿಸಿ ಹೇಳಬೇಕು. 30 ದಾಟಿದವರು ಗರ್ಭಕಂಠದ ತಪಾಸಣೆಯನ್ನೂ ಕೇಳಿ ಮಾಡಿಸಿಕೊಳ್ಳಬೇಕು. ಅವರು ದುಡಿಯುವ ಗಾರ್ಮೆಂಟ್ಸ್ ಘಟಕಗಳ ಮೇಲ್ವಿಚಾರಕರು ಆಸ್ಪತ್ರೆಗೆ ಹೋಗಲು ಕೇಳುವ ಅರ್ಧ ದಿನದ ರಜೆಗೆ ಕಾರಣ ಕೆದಕದೆ ಒಪ್ಪಿಗೆ ಕೊಡಬೇಕು, ಗಂಡಂದಿರು ಜೊತೆಯಲ್ಲಿ ಹೋಗಿ, ವೈದ್ಯರು ಹೇಳಿದರೆ ತಮ್ಮ ಪಾಲಿನ ಮಾತ್ರೆಯನ್ನೂ ನುಂಗಬೇಕು.