ಬೆಳೆಯ ಔಷಧಿ ಬೆಳೆಗಿರಲಿ, ಚಿಗಟಕ್ಕೆ ಬೇಡ

ಹೋದ ವಾರ ಕುಣಿಗಲ್ ಕಡೆಯ ಹುಡುಗನೊಬ್ಬ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದ. ಮೆಣಸಿನಕಾಯಿಗೆ ಹೊಡೆದು ಉಳಿದಿದ್ದ ಫಿಪ್ರೊನಿಲ್ ಡಬ್ಬಿ. ಕೆಳಗೆ ಹೀಗೆ ಬರೆದಿದ್ದ: "ಅಣ್ಣ, ನಾಯಿಗೆ ಚಿಗಟ ಜಾಸ್ತಿ ಆಗಿದೆ. ಮೆಡಿಕಲ್‌ನಲ್ಲಿ ಕೊಡೋದೂ ಇದೇ ಔಷಧಿಯಂತೆ. ಎಷ್ಟು ಎಂಎಲ್ ಹಾಕ್ಲಿ?"

ಅವನು ಹೇಳಿದ್ದು ಅರ್ಧ ನಿಜ. ನಾಯಿಯ ಬೆನ್ನಿಗೆ ಬಿಡುವ ಕೆಲವು ಹನಿ ಔಷಧಿಗಳಲ್ಲಿ ಇರೋದೂ ಫಿಪ್ರೊನಿಲ್ಲೇ. ಆದರೆ ಅದು ಪ್ರಾಣಿಯ ಚರ್ಮಕ್ಕೆಂದೇ ತಯಾರಾದದ್ದು, ತೂಕಕ್ಕೆ ತಕ್ಕಂತೆ ಅಳೆದು ತುಂಬಿದ ಪುಟ್ಟ ಟ್ಯೂಬು. ನಾಲಿಗೆಗೆ ಸಿಗದ ಹಾಗೆ ಹೆಗಲುಗಳ ನಡುವೆ ಬಿಡ್ತಾರೆ. ಬೆಳೆಯ ಡಬ್ಬಿಯದ್ದು ಎಲೆಗೆಂದು ಮಾಡಿದ್ದು. ಎಲೆ ತನ್ನ ಮೈ ತಾನು ನೆಕ್ಕಲ್ಲ, ನಾಯಿ ನೆಕ್ಕುತ್ತೆ. ಹನಿಯೂ ಹಾಕಬೇಡ ಅಂದೆ.

ಇವನು ಸಾವಯವದವನು, ಅದಕ್ಕೇ ಹೀಗಂತಾನೆ ಅಂದುಕೊಳ್ಳಬೇಡಿ. ನನ್ನದೂ ಒಂದು ತಪ್ಪಿದೆ. ತೋಟಗಾರಿಕೆ ಡಿಗ್ರಿ ಮುಗಿಸಿ ಗುಬ್ಬಿ ಹತ್ತಿರದ ನಮ್ಮ ತೋಟಕ್ಕೆ ಬಂದ ಹೊಸತರಲ್ಲಿ, ಗಿಡಕ್ಕೆ ಹೊಡೆಯಲು ಮಾಡಿದ್ದ ಹೊಗೆಸೊಪ್ಪಿನ ಕಷಾಯವನ್ನೇ ನಮ್ಮ ನಾಯಿಮರಿಗೆ ಸ್ನಾನ ಮಾಡಿಸಿದೆ. ಸೊಪ್ಪಿನದ್ದಲ್ವಾ ಅನ್ನೋ ಧೈರ್ಯ. ಅರ್ಧ ಗಂಟೆಯಲ್ಲಿ ಮರಿ ಜೊಲ್ಲು ಸುರಿಸಿ ನಡುಗೋಕೆ ಶುರು. ನಿಕೋಟಿನ್ ಸೊಪ್ಪಿನಿಂದ ಬಂದರೂ ವಿಷವೇ ಅಂತ ಪರೀಕ್ಷೆಯಲ್ಲಿ ಬರೆದಿದ್ದವನು ನಾನು! ಪಶುವೈದ್ಯರು ಕೂಡಲೇ ನೋಡಿದ್ದಕ್ಕೆ ಉಳೀತು. ಕರ್ಪೂರ, ನೀಲಗಿರಿ ಎಣ್ಣೆ ಹಚ್ಚಿ ಅನ್ನೋ ವಿಡಿಯೋ ನೋಡಿದಾಗಲೆಲ್ಲ ಆ ಮರಿ ನೆನಪಾಗುತ್ತೆ. ಬೆಕ್ಕಿಗಂತೂ ಇಂಥ ಎಣ್ಣೆಗಳು ಅಪಾಯ, ಅದರ ಲಿವರ್ ಅವನ್ನು ಅರಗಿಸಿಕೊಳ್ಳಲ್ಲ. ಬೇವಿನ ಸೊಪ್ಪು ಹಾಸಿದರೆ ಹಾನಿಯಿಲ್ಲ. ಅದರಿಂದಲೇ ಚಿಗಟ ಹೋಗುತ್ತೆ ಅಂತ ಮಾತ್ರ ನಾನು ಹೇಳಲಾರೆ.

ನನ್ನ ಪ್ರಕಾರ ನಾವು ಎಡವೋದು ಔಷಧಿಯಲ್ಲಿ ಅಲ್ಲ, ಜಾಗದಲ್ಲಿ. ಚಿಗಟ ಉಣ್ಣೆಯ ಹಾಗೆ ಮೈಗೆ ಕಚ್ಚಿಕೊಂಡು ಕೂರೋ ಪೈಕಿ ಅಲ್ಲ. ಒಂದು ಹೆಣ್ಣು ದಿನಕ್ಕೆ ನಲವತ್ತು, ಐವತ್ತು ಮೊಟ್ಟೆ ಇಡುತ್ತೆ. ಅವು ಜಾರಿ ನಾಯಿ, ಬೆಕ್ಕು ಮಲಗಿದ ಕಡೆ ಉದುರುತ್ತವೆ. ಮರಿಹುಳ ಬೆಳಕಿಗೆ ಹೆದರಿ ನೆಲದ ಬಿರುಕು, ಗೋಣಿಚೀಲ, ಅಡಿಕೆ ಸಿಪ್ಪೆಯ ಗುಡ್ಡೆ ಸೇರುತ್ತೆ. ಆಮೇಲೆ ಅಂಟುಗೂಡು ಕಟ್ಟಿಕೊಂಡು ಕೋಶವಾಗುತ್ತೆ. ಮೈಮೇಲೆ ಕಾಣೋದು ನೂರಕ್ಕೆ ಐದೋ ಆರೋ, ಉಳಿದದ್ದೆಲ್ಲ ನೆಲದಲ್ಲಿ.

ಕೋಶದೊಳಗಿನ ಚಿಗಟಕ್ಕೆ ಯಾವ ಸ್ಪ್ರೇಯೂ ಸರಿಯಾಗಿ ತಾಕಲ್ಲ, ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಕಾಯುತ್ತೆ. ತುಮಕೂರಿನಲ್ಲಿ ನಮ್ಮ ಚಿಕ್ಕಮ್ಮ ಒಂದು ತಿಂಗಳು ಮನೆಗೆ ಬೀಗ ಹಾಕಿ, ಬೆಕ್ಕನ್ನು ನಮ್ಮಲ್ಲಿ ಬಿಟ್ಟು ಮಗಳ ಮನೆಗೆ ಹೋಗಿದ್ದರು. ವಾಪಸ್ ಬಂದು ಬಾಗಿಲು ತೆಗೆದು ನಾಲ್ಕು ಹೆಜ್ಜೆ ಇಟ್ಟರೋ ಇಲ್ಲವೋ, ಕಾಲಿನ ತುಂಬ ಚಿಗಟ. "ಮನೇಲಿ ಬೆಕ್ಕೇ ಇಲ್ವಲ್ಲೋ, ಇವು ಎಲ್ಲಿಂದ ಬಂದ್ವು?" ಎಲ್ಲಿಂದಲೂ ಬಂದಿರಲಿಲ್ಲ. ಹೆಜ್ಜೆಯ ಅದುರು, ಮೈ ಬಿಸಿ, ಉಸಿರು ತಾಕಿದ್ದೇ ಕೋಶಗಳಿಂದ ಒಟ್ಟಿಗೆ ಎದ್ದಿದ್ದವು.

ನಮ್ಮ ಕಡೆ ಇನ್ನೊಂದು ಜಾಗವಿದೆ, ಕೊಬ್ಬರಿ ಅಟ್ಟ. ಕಾಯಿ ಒಣಗಿ ಉಂಡೆ ಕೊಬ್ಬರಿಯಾಗಲು ತಿಂಗಳುಗಟ್ಟಲೆ ಅಲ್ಲೇ ಇರಬೇಕು. ಕತ್ತಲು, ನಾರಿನ ಧೂಳು, ಇಲಿ, ಇಲಿಗೆಂದು ಬೆಕ್ಕು. ಚಿಗಟಕ್ಕೆ ಇನ್ನೇನು ಬೇಕು? ಹಿಂದೆ ಇಂಥ ಕಡೆಗೆಲ್ಲ, ಹಳಬರು ನುವಾನ್ ಅನ್ನುವ ಡೈಕ್ಲೋರ್ವಾಸ್ ಹೊಡೆಯೋರು. 2018ರ ಕೇಂದ್ರದ ಆದೇಶದಂತೆ 2020ರ ಡಿಸೆಂಬರ್ 31ರಿಂದ ಅದು ನಿಷೇಧ. ಗೂಡಿನಲ್ಲಿ ಹಳೇ ಬಾಟಲಿ ಇದ್ದರೆ ಮುಟ್ಟಬೇಡಿ. ಅಟ್ಟದಲ್ಲಿರೋದು ಯಾರೋ ತಿನ್ನೋ ಪದಾರ್ಥ. 2017ರಲ್ಲಿ ನೆದರ್‌ಲ್ಯಾಂಡ್ಸ್, ಬೆಲ್ಜಿಯಂನಲ್ಲಿ ಕೋಳಿಮನೆಯ ನುಸಿಗೆ ಯಾರೋ ನಿಯಮ ಮೀರಿ ಫಿಪ್ರೊನಿಲ್ ಬಳಸಿದರು. ಮೊಟ್ಟೆಯಲ್ಲಿ ಅದು ಸಿಕ್ಕಿ ಲಕ್ಷಗಟ್ಟಲೆ ಮೊಟ್ಟೆ ಅಂಗಡಿಗಳಿಂದ ವಾಪಸ್ ಬಂದವು. ನಿಮ್ಮ ಅಂಗಳದಲ್ಲೂ ನಾಟಿ ಕೋಳಿ ಕೆದಕ್ತಾ ಇರುತ್ತೆ ತಾನೆ?

ಹಾಗಾದರೆ ಏನು ಮಾಡೋದು? ಮೊದಲು ಅದು ಚಿಗಟವೇ ಅಂತ ಖಾತ್ರಿ ಮಾಡಿಕೊಳ್ಳಿ. ಹೇನು ತೆಗೆಯೋ ಬಾಚಣಿಗೆಯಿಂದ ಬಾಲದ ಬುಡ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆ ಮೇಲೆ ಹಾಕಿ. ಕೆಂಪಾಗಿ ಹರಡಿದರೆ ಅದು ರಕ್ತ, ಚಿಗಟದ ಹಿಕ್ಕೆ. ಬೆಕ್ಕಿನ ಬಾಲದ ಕೆಳಗೆ ಅಕ್ಕಿಕಾಳಿನಂಥ ತುಣುಕು ಕಂಡರೆ ಲಾಡಿಹುಳದ ಔಷಧಿಯೂ ಬೇಕು. ಮೈ ನೆಕ್ಕುವಾಗ ಚಿಗಟ ನುಂಗಿ ಬರುವ ಹುಳ ಅದು.

ಮೈಗೆ ಹಾಕೋ ಔಷಧಿಯನ್ನು ಪಶುವೈದ್ಯರನ್ನು ಕೇಳಿಯೇ ತನ್ನಿ. ಹೌದು, ರಾಸಾಯನಿಕವೇ. ನಾನೂ ಹಾಕ್ತೀನಿ, ನಾಚಿಕೆಯಿಲ್ಲ. ಒಂದು ಟ್ಯೂಬ್ ಅಳತೆ ಪ್ರಕಾರ ಹಾಕೋದು ಮನೆಯಿಡೀ ವಿಷ ಎರಚೋದಕ್ಕಿಂತ ಎಷ್ಟೋ ವಾಸಿ. ಮನೆಯಲ್ಲಿರುವ ನಾಯಿ, ಬೆಕ್ಕು ಎಲ್ಲಕ್ಕೂ ಒಟ್ಟಿಗೆ ಆಗಬೇಕು. ಆದರೆ ನಾಯಿಯದ್ದನ್ನು ಬೆಕ್ಕಿಗೆ ಖಂಡಿತ ಹಾಕಬೇಡಿ. ನಾಯಿಯ ಎಷ್ಟೋ ಹನಿ, ಪೌಡರ್‌ಗಳಲ್ಲಿ ಪರ್ಮೆಥ್ರಿನ್ ಇರುತ್ತೆ, ಬೆಕ್ಕು ಸತ್ತೇ ಹೋಗಬಹುದು.

ಉಳಿದದ್ದೆಲ್ಲ ಪೊರಕೆ, ಬಿಸಿಲಿನ ಕೆಲಸ. ಅವು ಮಲಗುವ ಗೋಣಿ, ಬಟ್ಟೆಯನ್ನು ವಾರಕ್ಕೊಮ್ಮೆ ಕುದಿಯುವ ನೀರಲ್ಲಿ ನೆನೆಸಿ ಕಡುಬಿಸಿಲಿಗೆ ಹಾಕಿ. ಒಣ ಬಿಸಿಲಲ್ಲಿ ಮರಿಹುಳ ಬದುಕಲ್ಲ. ದಿನಾ ಮೂಲೆಮೂಲೆ ಗುಡಿಸಿ ಕಸ ಸುಡಿ. ಬಿರುಕಿಗೆ ಸಿಮೆಂಟ್ ಮೆತ್ತಿ. ಸಿಪ್ಪೆ ಗುಡ್ಡೆಯನ್ನು ಮನೆಯಿಂದ ದೂರ ಸರಿಸಿ. ಎರಡನೇ ವಾರ ಮತ್ತೆ ಚಿಗಟ ಕಂಡಾಗ ಎಲ್ಲರೂ ಕೈಬಿಡ್ತಾರೆ, ಔಷಧಿ ಡೂಪ್ಲಿಕೇಟ್ ಅಂತಾರೆ. ಅವು ಹಳೇ ಕೋಶದಿಂದ ಬರ್ತಿರೋವು. ಹೀಗೇ ಮೂರು ತಿಂಗಳು ನಡೆಸಬೇಕು.

ನಿನ್ನೆ ಕುಣಿಗಲ್ ಹುಡುಗನಿಂದ ಇನ್ನೊಂದು ಫೋಟೋ ಬಂತು. ಕೊಬ್ಬರಿ ತೂಗೋ ತಕ್ಕಡಿ ಮೇಲೆ ನಾಯಿ ನಿಂತಿದೆ, ಹದಿನಾಲ್ಕೂವರೆ ಕೆಜಿ. ಡಾಕ್ಟರ್ ಹತ್ರ ಹೊರಟಿದ್ದಾನೆ. ಬೆಕ್ಕನ್ನೂ ತೂಕ ಹಾಕಪ್ಪ ಅಂದೆ. "ಅದು ನಿಲ್ತಾನೇ ಇಲ್ಲ ಅಣ್ಣ" ಅಂದ. ನೀನು ಎತ್ತಿಕೊಂಡು ನಿಂತು, ಆಮೇಲೆ ನಿನ್ನ ತೂಕ ಕಳಿ ಅಂತ ಹೇಳಿದೀನಿ.